ಎಡಗೈಯ ಕಿರುಬೆರಳು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಸೂಜಿಯಮ್ಮ ಎಂದೇ ಕರೆಯುತ್ತಿದ್ದರು. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಅದನ್ನು ಕೂಗಿದರೆ ಇನ್ಯಾರನ್ನೋ ಕರೆಯುತ್ತಿದ್ದಾರೆಂದು ಅವಳು ತಲೆಯನ್ನೇ ಎತ್ತುತ್ತಿರಲಿಲ್ಲ. ಇಪ್ಪತ್ತು ವರ್ಷ ಬೀದಿ ಮೂಲೆಯ ಪುಟ್ಟ ಅಂಗಡಿಯಲ್ಲಿ ಅಂಗಿ, ಫ್ರಾಕು ಹೊಲಿದವಳು, ಈಗ ಹದಿನಾಲ್ಕು ವರ್ಷದಿಂದ ಇಲ್ಲಿ ಗಗನಯಾತ್ರಿಗಳ ಕೈಗವಸು ಹೊಲಿಯುತ್ತಿದ್ದಳು. ಬೀದಿ ಅಂಗಡಿಯಲ್ಲಿ ಹೊಲಿಗೆ ಬಿಟ್ಟರೆ ಗಿರಾಕಿ ಬಂದು ಬೈದು ಹೋಗುತ್ತಿದ್ದ. ಇಲ್ಲಿ ಹೊಲಿಗೆ ಬಿಟ್ಟರೆ ಬೈಯುವುದಕ್ಕೆ ಗಿರಾಕಿಯೇ ವಾಪಸು ಬರುವುದಿಲ್ಲ. ಹೊಸದಾಗಿ ಸೇರಿದವರಿಗೆ ಅವಳು ಮೊದಲ ದಿನವೇ ಹೇಳುತ್ತಿದ್ದ ಮಾತಿದು. ಅವರು ಮೊದಲು ನಗುತ್ತಿದ್ದರು, ಆಮೇಲೆ ನಗು ನಿಲ್ಲಿಸಿ ಕೆಲಸಕ್ಕೆ ಕೂರುತ್ತಿದ್ದರು.

ಮೇಲೆ ಹೋಗುವವರ ಎರಡೂ ಕೈಗಳ ಅಚ್ಚನ್ನು ಬಿಳಿ ಪ್ಲಾಸ್ಟರಿನಲ್ಲಿ ತೆಗೆದು ಕಾರ್ಖಾನೆಗೆ ಕಳಿಸುತ್ತಿದ್ದರು. ಆ ಅಚ್ಚಿನ ಮೇಲೆ ಪದರದ ಮೇಲೆ ಪದರ ಇಟ್ಟು, ಪಿನ್ನು ಚುಚ್ಚಿ ಹಿಡಿದು, ಒಂದೊಂದು ಬೆರಳನ್ನೂ ಬೇರೆಬೇರೆ ಹೊಲಿಯಬೇಕು. ಯಾರ ಕೈ ಎಂದು ಕೇಳುವಂತಿಲ್ಲ, ಮಣಿಕಟ್ಟಿನ ಮೇಲೆ ಒಂದು ಸಂಖ್ಯೆ ಮಾತ್ರ ಇರುತ್ತದೆ. ಒಬ್ಬೊಬ್ಬ ಹೊಲಿಗೆಯವಳಿಗೂ ಹನ್ನೆರಡೇ ಪಿನ್ನು, ಅವುಗಳ ತಲೆಗೆ ಅವಳದೇ ಬಣ್ಣ. ಸೂಜಿಯಮ್ಮನದು ಹಳದಿ. ಹನ್ನೆರಡು ತೂತಿನ ಒಂದು ಮರದ ತುಂಡಿರುತ್ತದೆ. ಸಂಜೆ ಹೊರಡುವ ಮೊದಲು ಆ ಹನ್ನೆರಡೂ ತೂತು ತುಂಬಿರಬೇಕು. ಒಂದು ಖಾಲಿಯಿದ್ದರೂ ಯಾರೂ ಮನೆಗೆ ಹೋಗುವಂತಿಲ್ಲ. ಈ ಹದಿನಾಲ್ಕು ವರ್ಷದಲ್ಲಿ ಅವಳ ತುಂಡಿನಲ್ಲಿ ಒಂದು ತೂತೂ ಖಾಲಿ ಉಳಿದಿರಲಿಲ್ಲ.

ನಲವತ್ತೊಂದನೇ ನಂಬರಿನ ಕೈಗಳು ಅವಳ ಮೇಜಿಗೆ ಬಂದದ್ದು ಒಂದು ಸೋಮವಾರ. ಬಲಗೈ ನೋಡಿದಾಗ ಏನೂ ಅನ್ನಿಸಲಿಲ್ಲ. ಹೆಂಗಸಿನ ಕೈ, ತೆಳು ಬೆರಳು, ಅಷ್ಟೆ. ಎಡಗೈಯ ಪೊಟ್ಟಣ ಬಿಚ್ಚಿದಾಗ ಮಾತ್ರ ಅವಳು ಕುರ್ಚಿಯ ಅಂಚು ಹಿಡಿದುಕೊಂಡಳು. ಕಿರುಬೆರಳು ಮೇಲಿನ ಗಂಟಿನಲ್ಲಿ ಹೊರಕ್ಕೆ ಬಾಗಿತ್ತು. ಆ ಬಾಗು ಅವಳಿಗೆ ಗೊತ್ತಿತ್ತು, ಏಕೆಂದರೆ ಅದನ್ನು ಮಾಡಿದವಳು ಅವಳೇ. ಮಗಳಿಗೆ ಆಗ ಆರು ವರ್ಷ. ಅಡುಗೆಮನೆಯ ಬೀರುವಿನ ಮೇಲಿನ ಅರೆಯಲ್ಲಿ ಏನಿದೆ ನೋಡಬೇಕೆಂದು ಸ್ಟೂಲು ಹತ್ತಿ ಕೈ ಚಾಚಿದ್ದಳು. ತೆರೆದ ಬಾಗಿಲ ಮರೆಯಲ್ಲಿದ್ದ ಅವಳನ್ನು ಕಾಣದೆ ಅಮ್ಮ ಅದನ್ನು ದಡಾರನೆ ಮುಚ್ಚಿದ್ದಳು. ಮೂಳೆ ಕೂಡಿಕೊಂಡರೂ ನೆಟ್ಟಗಾಗಲಿಲ್ಲ. ಅಂದಿನಿಂದ ಆ ಬೀರು ಮುಚ್ಚುವ ಮೊದಲು ಒಮ್ಮೆ ಬಗ್ಗಿ ನೋಡುವುದು ಅವಳಿಗೆ ರೂಢಿಯಾಗಿಬಿಟ್ಟಿತ್ತು.

ಮಗಳು ಓದಿ ಡಾಕ್ಟರಾಗಿದ್ದಳು. ಊರಿನಿಂದ ನಾಲ್ಕು ತಾಸು ದೂರದ ಗಗನಯಾತ್ರೆಯ ಕೇಂದ್ರದಲ್ಲಿ, ಮೇಲೆ ಹೋಗುವವರ ಮೈ ಪರೀಕ್ಷೆ ಮಾಡುವ ಕೆಲಸವೆಂದು ಮನೆಯಲ್ಲಿ ಹೇಳಿದ್ದಳು. ಮದುವೆ ಮುರಿದು ಮೂರು ವರ್ಷವಾಗಿತ್ತು. ಆರು ವರ್ಷದ ಮಗು ಅಜ್ಜಿ ತಾತನ ಜೊತೆಗೇ ಇತ್ತು. ಅದರ ಬಾಯಿಯ ಚುರುಕು ನೋಡಿ ತಾತ ಅದಕ್ಕೆ ಚೂಟಿ ಎಂದು ಹೆಸರಿಟ್ಟಿದ್ದ. ಎರಡು ಭಾನುವಾರಕ್ಕೊಮ್ಮೆ ಮಗಳು ಬರುತ್ತಿದ್ದಳು. ಬಂದರೆ ಒಂದು ಕೈಯಲ್ಲಿ ಚೂಟಿ, ಇನ್ನೊಂದರಲ್ಲಿ ಫೋನು. ಆ ಕೈಯನ್ನು ತಾನು ಕೊನೆಗೆ ಹಿಡಿದದ್ದು ಯಾವಾಗ ಎಂದು ಸೂಜಿಯಮ್ಮ ನೆನಪಿಸಿಕೊಳ್ಳಲು ನೋಡಿದಳು. ಆಗಲಿಲ್ಲ.

ಅವತ್ತು ಮನೆಗೆ ಬಂದವಳು ಆಲೂಗಡ್ಡೆಗೆ ಎರಡು ಸಲ ಉಪ್ಪು ಹಾಕಿದಳು. ಅವಳ ಗಂಡ ಮೂವತ್ತೊಂದು ವರ್ಷದಿಂದ ಊರ ಬಸ್ಸು ಓಡಿಸುತ್ತಿದ್ದ ಡ್ರೈವರು. ಒಂದು ತುತ್ತು ಬಾಯಿಗಿಟ್ಟು, ಇವತ್ತು ಸಮುದ್ರವನ್ನೇ ಬೇಯಿಸಿದ್ದೀಯಲ್ಲ ಎಂದ. ಬೇರೆ ದಿನವಾಗಿದ್ದರೆ ಅವಳೂ ತಿರುಗಿ ಒಂದು ಮಾತು ಬಿಡುತ್ತಿದ್ದಳು. ಅಂದು ತಟ್ಟೆ ಎತ್ತಿ ಎಲ್ಲರಿಗೂ ಬ್ರೆಡ್ಡು ಸುಟ್ಟು ಕೊಟ್ಟಳು. ಯಾರ ಕೈ ಎಂಬುದನ್ನು ಹೊರಗೆ ಆಡಬಾರದೆಂಬ ಕಾರ್ಖಾನೆಯ ನಿಯಮ ಅವಳಿಗೆ ಒಳ್ಳೆಯ ನೆಪವಾಯಿತು. ಗಂಡನಿಗೆ ಹೇಳಲಿಲ್ಲ. ಹೇಳಿದ್ದರೆ ಅವನು ಮೊದಲ ಬಸ್ಸು ಹತ್ತಿ ಕೇಂದ್ರಕ್ಕೇ ಹೋಗಿ ನಿಲ್ಲುತ್ತಿದ್ದ.

ಹೀಗೆ ವಾರಗಳು ಕಳೆದವು. ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಮಗಳ ಕೈ ಅವಳ ಕೈಯಲ್ಲಿ. ಕಾರ್ಖಾನೆಯಲ್ಲಿ ಚಳಿ ಜಾಸ್ತಿ, ಬಿಳಿ ಗೌನಿನ ಒಳಗೆ ಎಲ್ಲರೂ ಸ್ವೆಟರ್ ಹಾಕುತ್ತಿದ್ದರು. ಅವಳದು ಮಗಳು ಕಾಲೇಜಿನಲ್ಲಿ ಹಾಕಿ ಬಿಟ್ಟ ಸ್ವೆಟರು. ತೋಳು ಉದ್ದವಾಗಿ ಎರಡು ಸಲ ಮಡಚಬೇಕಿತ್ತು. ಊಟಕ್ಕೆ ಏಳುವ ಮೊದಲು ಅವಳು ಅಚ್ಚಿನ ಅಂಗೈಯನ್ನು ತನ್ನ ಅಂಗೈಗಳ ನಡುವೆ ಸ್ವಲ್ಪ ಹೊತ್ತು ಇಟ್ಟುಕೊಳ್ಳುತ್ತಿದ್ದಳು. ಒಂದು ದಿನ ಮೇಲ್ವಿಚಾರಕಿ ಅದನ್ನು ಕಂಡು, ಪ್ಲಾಸ್ಟರಿಗೆ ಚಳಿಯಾಗುತ್ತಾ ಸೂಜಿಯಮ್ಮ ಎಂದು ಕೇಳಿದಳು. ತೇವ ಇದೆಯೇನೋ ಅಂತ ನೋಡಿದೆ ಎಂದು ಇವಳು ಸುಳ್ಳು ಹೇಳಿದಳು. ಸುಳ್ಳು ಹೇಳಿ ಅಭ್ಯಾಸವಿಲ್ಲದವಳ ಕಿವಿ ಕೆಂಪಾಯಿತು.

ನಾಲ್ಕನೆಯ ವಾರ ಭಾನುವಾರದ ಊಟಕ್ಕೆ ಮಗಳು ಬಂದಳು. ಅನ್ನ ಬಡಿಸಿ ಮುಗಿಯುವ ಮೊದಲೇ, ಹೆಚ್ಚು ಹೊತ್ತು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾರದವಳ ಹಾಗೆ, ಹೇಳಿಬಿಟ್ಟಳು. ತಾನು ಮೇಲೆ ಹೋಗುವವರ ಪಟ್ಟಿಯಲ್ಲಿದ್ದೇನೆ, ಎಂಟು ತಿಂಗಳು ಭೂಮಿಯ ಸುತ್ತ ತಿರುಗುವ ನಿಲ್ದಾಣದಲ್ಲಿ ಇರಬೇಕು, ಹೊರಡುವುದಕ್ಕೆ ಇನ್ನು ಆರು ವಾರವಿದೆ.

ಡ್ರೈವರು ಚಮಚ ಕೆಳಗಿಟ್ಟ. "ಮೈ ಪರೀಕ್ಷೆ ಮಾಡೋ ಕೆಲಸ ಅಂದಿದ್ದೆ."

"ಅದನ್ನೇ ಮೇಲೆ ಮಾಡ್ತೀನಿ ಅಪ್ಪ. ಅಲ್ಲಿ ಭಾರ ಇಲ್ಲದೆ ನಾಲ್ಕು ತಿಂಗಳಲ್ಲಿ ಮೂಳೆ ಎಷ್ಟು ಸವೆಯುತ್ತೋ, ಇಲ್ಲಿ ವಯಸ್ಸಾದವರಿಗೆ ಅಷ್ಟು ಸವೆಯೋಕೆ ವರ್ಷಗಟ್ಟಲೆ ಬೇಕು. ಅದು ಯಾಕೆ, ತಡೆಯೋದು ಹೇಗೆ ಅಂತ ಗೊತ್ತಾದ್ರೆ ಅಮ್ಮನ ಸೊಂಟನೋವಿಗೂ ಒಂದು ದಾರಿ ಸಿಗಬಹುದು."

"ಅಂದ್ರೆ ನಿನ್ನ ಮೂಳೆ ಸವೆಸಿ ನೋಡ್ತಾರೆ."

ಮಗಳು ಹೌದೆಂದು ತಲೆಯಾಡಿಸಿದಳು. ಡ್ರೈವರಿಗೆ ಅಷ್ಟೇ ಸಾಕಾಯಿತು. ತನ್ನ ದಾರಿಯ ದೊಡ್ಡಾಸ್ಪತ್ರೆಯ ಮುಂದೆ ದಿನಾ ಬೆಳಗ್ಗೆ ಎಷ್ಟು ಉದ್ದದ ಸಾಲು ನಿಂತಿರುತ್ತದೆ, ತನ್ನ ಬಸ್ಸಿನ ಗಾಜು ಒರೆಸುವ ಕಡ್ಡಿ ಮುರಿದು ಎಷ್ಟು ತಿಂಗಳಾಯಿತು, ರಸ್ತೆಯ ಗುಂಡಿಯಲ್ಲಿ ಒಂದು ರಾಕೆಟ್ಟನ್ನೇ ಹೂಳಬಹುದು, ಇಷ್ಟೆಲ್ಲ ಇಟ್ಟುಕೊಂಡು ಯಾವನಿಗೆ ಬೇಕಿತ್ತು ಆಕಾಶ ಎಂದು ಒಂದೇ ಉಸಿರಿಗೆ ಕೇಳಿದ. ಅವನು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಗಳೂ ಅದನ್ನೇ ಹೇಳಿದಳು: ಸುಳ್ಳಲ್ಲ, ಆದರೆ ಮಳೆ ಬಿರುಗಾಳಿ ಬರುತ್ತೆ ಅಂತ ನಿಮಗೆ ರೇಡಿಯೋದಲ್ಲಿ ಹೇಳ್ತಾರಲ್ಲ, ಅದು ಮೇಲಿನಿಂದ ನೋಡಿಯೇ ತಾನೇ.

"ಅದನ್ನ ಯಂತ್ರ ನೋಡುತ್ತೆ. ಯಂತ್ರಕ್ಕೆ ಆರು ವರ್ಷದ ಮಗು ಇಲ್ಲ," ಎಂದ ಡ್ರೈವರು. "ಏನಾದ್ರೂ ಆದ್ರೆ ಮಗೂಗೆ ಯಾರು ಹೇಳ್ಬೇಕು? ನಾನಾ?"

"ನೀವು ದಿನಾ ಅರವತ್ತು ಜನರನ್ನ ಕೂರಿಸ್ಕೊಂಡು ಹೋಗ್ತೀರಲ್ಲ. ಸೇತುವೆ ಹತ್ರ ಬಸ್ಸು ಮಗುಚಿದ ವರ್ಷ ಅಮ್ಮ ಮೂರು ದಿನ ಆಸ್ಪತ್ರೆ ಬಾಗಿಲಲ್ಲಿ ಕೂತಿದ್ಳು. ಅದಾದ ಮೇಲೂ ನೀವು ಸ್ಟೀರಿಂಗ್ ಬಿಟ್ರಾ?"

"ಅದು ಹೊಟ್ಟೆಪಾಡು."

"ನಂದು ಹೊಟ್ಟೆಪಾಡಲ್ಲ, ಒಪ್ತೀನಿ." ಮಗಳ ದನಿ ಇಳಿಯಿತು. "ಮೂಳೆ, ಮಳೆ, ಎಲ್ಲಾ ನಿಜ. ಆದ್ರೆ ಅದೆಲ್ಲ ಇಲ್ದಿದ್ರೂ ನಂಗೆ ಹೋಗಬೇಕು ಅಪ್ಪ. ನೋಡಬೇಕು. ಚಿಕ್ಕಂದಿನಿಂದ."

ಅದು ಅಮ್ಮನಿಗೆ ಗೊತ್ತಿತ್ತು. ಬೀರುವಿನ ಮುಂದೆ ಸ್ಟೂಲು ಹತ್ತಿದವಳೂ ಇದೇ ಮುಖ ಹೊತ್ತುಕೊಂಡಿದ್ದಳು. ಸೂಜಿಯಮ್ಮ ಯಾರ ಪರವನ್ನೂ ವಹಿಸದೆ ಖಾಲಿಯಾದ ಬಟ್ಟಲಿಗೆ ಬೇಳೆ ಹಾಕಿದಳು. ತಾತನ ಪಕ್ಕ ಕೂತಿದ್ದ ಚೂಟಿ, ಎಂಟು ತಿಂಗಳು ಅಂದ್ರೆ ಎಷ್ಟು ಭಾನುವಾರ ಎಂದು ಕೇಳಿತು. ಮೂವತ್ತೈದು ಎಂದಳು ಮಗಳು. ಮಗು ಗೋಡೆಯ ಕ್ಯಾಲೆಂಡರು ಇಳಿಸಿ ಎಣಿಸಿತು. ಪುಟಗಳು ಸಾಲದೆ, ಮಿಕ್ಕ ಭಾನುವಾರಗಳನ್ನು ಎಲ್ಲಿ ಹುಡುಕುವುದೆಂದು ತಿಳಿಯದೆ, ಅದನ್ನು ತಾತನ ತೊಡೆಯ ಮೇಲಿಟ್ಟಿತು. ಡ್ರೈವರು ಎದ್ದು ಕೈ ತೊಳೆಯಲು ಹೋದವನು ಬಹಳ ಹೊತ್ತು ನಲ್ಲಿ ನಿಲ್ಲಿಸಲಿಲ್ಲ.

ಮುಂದಿನ ಮೂರು ವಾರ ಮನೆಯಲ್ಲಿ ಮಾತು ಕಡಿಮೆಯಾಯಿತು. ಡ್ರೈವರು ಮಗಳ ಫೋನು ಬಂದರೆ ಹೆಂಡತಿಗೆ ದಾಟಿಸುತ್ತಿದ್ದ. ಚೂಟಿ ಸಿಕ್ಕಸಿಕ್ಕ ಕಾಗದದಲ್ಲೆಲ್ಲ ಅಮ್ಮನ ಚಿತ್ರ ಬರೆಯುತ್ತಿತ್ತು. ದುಂಡು ಟೋಪಿ ಹಾಕಿ ನಕ್ಷತ್ರಗಳ ನಡುವೆ ನಿಂತ ಅಮ್ಮ. ಕೈ ಮಾತ್ರ ಮನೆಯ ಚಾವಣಿ ಮುಟ್ಟುವಷ್ಟು ಉದ್ದ.

ಎಡಗೈಯ ಕಿರುಬೆರಳನ್ನು ಸೂಜಿಯಮ್ಮ ಕೊನೆಗೆ ಉಳಿಸಿಕೊಂಡಿದ್ದಳು. ಗುರುವಾರ ಅದೂ ಮುಗಿಯಿತು. ಬಾಗಿದ ಗಂಟಿನ ಮೇಲೆ ಒತ್ತದಂತೆ ಆ ಸುತ್ತಿನ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಹೊಲಿದಿದ್ದಳು. ಮುಗಿದ ಕೈಗವಸನ್ನು ಅಚ್ಚಿನಿಂದ ಎಳೆದಾಗ ಬಿಳಿ ಬೆರಳುಗಳು ಬರಿದಾಗಿ ಹೊರಬಂದವು. ಅವಳಿಗೆ ಅಳು ಬಂತು. ನಾಳೆಯಿಂದ ಈ ಕೈ ಇರುವುದಿಲ್ಲ. ಕಣ್ಣೊರೆಸಿಕೊಂಡು ಪಿನ್ನುಗಳನ್ನು ತುಂಡಿಗೆ ಚುಚ್ಚುತ್ತ ಬಂದಳು. ಹನ್ನೊಂದು. ಹನ್ನೆರಡನೆಯ ತೂತು ಖಾಲಿಯಿತ್ತು.

ಮೇಜು, ನೆಲ, ಚಪ್ಪಲಿಯ ಅಡಿ, ಕಸದ ಡಬ್ಬಿ, ಎಲ್ಲ ಕಡೆ ಅಯಸ್ಕಾಂತ ಓಡಿಸಿದರು. ಅವಳ ಗೌನು ಬಿಚ್ಚಿ ಕೊಡವಿದರು. ಪಿನ್ನು ಸಿಗಲಿಲ್ಲ. ಸುಮ್ಮನೆ ಅಂಗಡಿಯಿಂದ ಇನ್ನೊಂದು ಹಳದಿ ಪಿನ್ನು ತಂದು ಚುಚ್ಚಿದ್ದರೆ, ತಲೆಯ ಕೆಳಗಿನ ಅಂಕೆಯನ್ನು ಯಾರು ನೋಡುತ್ತಿದ್ದರು ಎಂದು ಪಕ್ಕದ ಮೇಜಿನವಳು ಪಿಸುಗುಟ್ಟಿದಳು. ಸೂಜಿಯಮ್ಮ ಮುಗಿದ ಕೈಗವಸಿನತ್ತ ನೋಡಿದಳು. ಪದರಗಳ ನಡುವೆ ಒಂದು ಪಿನ್ನು ಉಳಿದು, ಮೇಲೆ ಹೋದ ಮೇಲೆ ಮಗಳು ಮುಷ್ಟಿ ಬಿಗಿದರೆ! ಅವಳೇ ನಡೆದುಹೋಗಿ ಮೇಲ್ವಿಚಾರಕಿಗೆ ಕಳೆದದ್ದನ್ನು ಬರೆದುಕೊಟ್ಟಳು.

ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ. ಆದರೆ ಅಂಗೈಯಲ್ಲಿ ಒಂದು ಉಕ್ಕಿನ ಪಟ್ಟಿ ಇರುತ್ತದೆ, ಅದರ ಹಿಂದೆ ಅಡಗಿದ್ದರೆ ಎಕ್ಸ್‌ರೇಗೂ ಸಿಗುವುದಿಲ್ಲ. ನಿಯಮ ಒಂದೇ: ಎರಡೂ ಕೈಗವಸು ಬಿಚ್ಚಬೇಕು. ಸೋಮವಾರ ಎಂಟಕ್ಕೆ ಬಿಚ್ಚುವುದೆಂದು ತೀರ್ಮಾನವಾಯಿತು. ಮತ್ತೆ ಹೊಲಿಯಲು ಏಳು ವಾರ ಬೇಕು, ಯಾತ್ರೆಗೆ ಉಳಿದಿದ್ದದ್ದು ಮೂರೇ ವಾರ. ಮಗಳ ಬದಲಿಗೆಂದು ಕಾಯ್ದಿರಿಸಿದ್ದ ಇನ್ನೊಬ್ಬರ ಕೈಗವಸು ಸಿದ್ಧವಿತ್ತು. ಅವರು ಹೋಗುತ್ತಾರೆ.

ಸುದ್ದಿ ಕೇಂದ್ರಕ್ಕೆ ಮುಟ್ಟಿ, ಶನಿವಾರ ಮಧ್ಯಾಹ್ನ ಮಗಳ ಫೋನು ಬಂತು. ಚೂಟಿಯನ್ನು ಕೇಳಲಿಲ್ಲ, ಊಟ ಆಯಿತಾ ಎನ್ನಲಿಲ್ಲ.

"ಹದಿನಾಲ್ಕು ವರ್ಷದಲ್ಲಿ ಒಂದು ಪಿನ್ನೂ ಕಳೀದವಳು ನೀನು. ನನ್ನ ಗ್ಲೌಸಲ್ಲೇ ಕಳೀಬೇಕಿತ್ತಾ ಅಮ್ಮ?"

"ಬೇಕಂತ ಕಳೀತಾರೇನೇ?"

"ಅಪ್ಪ ಬಾಯಲ್ಲಿ ಬೇಡ ಅಂದ್ರು. ನೀನು ಕೈಯಲ್ಲಿ ಅಂದೆ, ಅಷ್ಟೇ ವ್ಯತ್ಯಾಸ." ಫೋನು ನಿಂತಿತು.

ಮುಖಕ್ಕೆ ಹೊಡೆದ ಹಾಗಾಯಿತು ಅವಳಿಗೆ. ಅದಕ್ಕಿಂತ ನೋವಾದದ್ದು, ಮಗಳು ಉಳಿಯುತ್ತಾಳೆ ಎಂಬ ಮಾತು ಎದೆಯ ಯಾವುದೋ ಮೂಲೆಯಲ್ಲಿ ಹಿತವಾಗಿ ಕೂತಿತ್ತು ಎಂಬುದು.

ಭಾನುವಾರ ಬೆಳಗ್ಗೆ ಅವಳು ಚೂಟಿಯ ಹಾಸಿಗೆಯ ಹೊದಿಕೆ ಬದಲಿಸುತ್ತಿದ್ದಳು. ಮಂಚದ ಮೇಲಿನ ಗೋಡೆಗೆ ಹೊಸ ಚಿತ್ರವೊಂದು ತೂಗುತ್ತಿತ್ತು. ಉದ್ದ ಕೈಯ ಅಮ್ಮ, ನಕ್ಷತ್ರಗಳು. ಚಿತ್ರದ ಮೇಲ್ತುದಿಯಲ್ಲಿ ಹಳದಿ ತಲೆಯ ಪಿನ್ನು.

"ಇದು ಎಲ್ಲಿ ಸಿಕ್ತೇ ನಿಂಗೆ?" ಎಂದು ಕೇಳಿದರೆ ಮಗು, "ನಿನ್ನ ಸ್ವೆಟರ್ ತೋಳಲ್ಲಿ ಇತ್ತು ಅಜ್ಜಿ. ಚುಚ್ಚಿಬಿಡುತ್ತೆ ಅಂತ ನಾನೇ ತೆಗ್ದೆ," ಎಂದು ಶಭಾಸ್‌ಗಿರಿಗೆ ಕಾದು ನಿಂತಿತು.

ಆಗ ಎಲ್ಲ ನೆನಪಾಯಿತು. ಕಿರುಬೆರಳಿನ ಕೊನೆಯ ಸುತ್ತಿಗೆ ಎರಡೂ ಕೈ ಬೇಕಾಗಿತ್ತು. ಕಣ್ಣು ಮಂಜಾಗಿತ್ತು. ಬೀದಿ ಅಂಗಡಿಯ ಕಾಲದಲ್ಲಿ ಮಾಡುತ್ತಿದ್ದ ಹಾಗೆ ಪಿನ್ನನ್ನು ಎಡತೋಳಿಗೆ ಸಿಕ್ಕಿಸಿಕೊಂಡಿದ್ದಳು. ಮೇಲೆ ಗೌನಿನ ತೋಳು ಇಳಿದಿತ್ತು. ಎಲ್ಲವನ್ನೂ ಕೊಡವಿದವರಿಗೆ ಆ ಸ್ವೆಟರಿನ ಎರಡು ಸುತ್ತಿನ ಮಡಿಕೆ ಹೊಳೆಯಲಿಲ್ಲ, ಅವಳಿಗೂ ಹೊಳೆಯಲಿಲ್ಲ.

ಅವಳು ಮಂಚದ ಅಂಚಿನಲ್ಲಿ ಕೂತೇ ಇದ್ದಳು. ಡ್ರೈವರು ಚಹಾ ಕೇಳಲು ಬಂದವನು ಹೆಂಡತಿಯ ಕಣ್ಣು ಹೋದತ್ತ ನೋಡಿದ. ಪಿನ್ನು ಕಳೆದ ಕತೆಯನ್ನೂ, ಅದರ ಬಣ್ಣವನ್ನೂ, ಅದು ಯಾರ ಕೈಗವಸಿನದೆಂಬುದನ್ನೂ ಮೂರು ದಿನದಿಂದ ಕೇಳಿದ್ದವನು. ಚೂಟಿಯನ್ನು ಅಂಗಡಿಯಿಂದ ಹಾಲು ತರಲು ಕಳಿಸಿದ.

"ಇದೇನಾ?"

ಅವಳು ತಲೆಯಾಡಿಸಿದಳು.

"ಕೊಟ್ರೆ ಅವಳು ಹೋಗ್ತಾಳೆ." ಅವನು ಗೋಡೆಗೆ ಒರಗಿ ನಿಂತ. "ಕೊಡದಿದ್ರೆ?"

"ಬಿಚ್ಚುತ್ತಾರೆ. ಉಳೀತಾಳೆ."

"ಇರ್ಲಿ ಬಿಡೇ. ಮಗು ಗೋಡೆಗೆ ಹಾಕಿರೋ ಪಿನ್ನು. ನಾನಂತೂ ನೋಡಿಲ್ಲ." ಅವನ ದನಿಯಲ್ಲಿ ಜಗಳವಿರಲಿಲ್ಲ, ಬೇಡಿಕೆಯಿತ್ತು. "ಹ್ಯಾಗೂ ಮಗಳ ಬಾಯಲ್ಲಿ ಕಳ್ಳಿ ಅನ್ನಿಸ್ಕೊಂಡಾಯ್ತು. ಅವಳ ಸಿಟ್ಟು ಎಷ್ಟು ದಿನ? ಮನೇಲಿದ್ರೆ ಸಿಟ್ಟು ಮಾಡ್ಕೊಂಡಾದ್ರೂ ಇರ್ತಾಳೆ."

ಅವಳು ಪಿನ್ನು ತೆಗೆಯಲಿಲ್ಲ. ಚಹಾ ಮಾಡಿದಳು, ಬಟ್ಟೆ ಒಗೆದಳು, ಬೀನ್ಸು ಬಿಡಿಸಿದಳು. ಸೊಂಟ ನೋಯುವವರೆಗೆ ನೆಲ ಒರೆಸಿದಳು. ಮನೆಯ ಯಾವ ಕೆಲಸಕ್ಕೆ ಹೋದರೂ ಆ ಕೋಣೆಯ ಬಾಗಿಲು ಹಾದೇ ಹೋಗಬೇಕಿತ್ತು. ಪ್ರತಿ ಸಲವೂ ಹಳದಿ ತಲೆ ಅಲ್ಲೇ ಇತ್ತು. ಒಂದು ಇಡೀ ಭಾನುವಾರ ಅವಳ ಮಗಳು ಎಲ್ಲಿಗೂ ಹೋಗುವವಳಿರಲಿಲ್ಲ. ಎಷ್ಟೋ ವರ್ಷದಿಂದ ಅಂಥ ಭಾನುವಾರ ಅವಳಿಗೆ ಸಿಕ್ಕಿರಲಿಲ್ಲ.

ಸೋಮವಾರ ಬೆಳಗ್ಗೆ ಆರೂವರೆಗೆ ಗಂಡನ ಡಬ್ಬಿ ಕಟ್ಟಿದಳು. ಸಕ್ಕರೆ ಡಬ್ಬ ಮೇಲಿನ ಅರೆಗಿಟ್ಟು ಬೀರುವಿನ ಬಾಗಿಲು ಹಿಡಿದವಳು, ರೂಢಿಯಂತೆ, ಮುಚ್ಚುವ ಮೊದಲು ಬಗ್ಗಿ ನೋಡಿದಳು. ಸ್ಟೂಲಿರಲಿಲ್ಲ, ಯಾರೂ ಇರಲಿಲ್ಲ. ಆದರೂ ಅವಳು ಬಾಗಿಲನ್ನು ಮುಚ್ಚಲಿಲ್ಲ. ಕೋಣೆಗೆ ಹೋಗಿ, ಮಲಗಿದ್ದ ಮಗುವಿನ ತಲೆಯ ಮೇಲಿಂದ ಕೈ ಚಾಚಿ ಪಿನ್ನು ಕಿತ್ತಳು. ಚಿತ್ರ ಜಾರಿತು. ಹಿಟ್ಟು ಕಲಸಿ, ನಾಲ್ಕು ಮೂಲೆಗೂ ಹಚ್ಚಿ, ಮತ್ತೆ ಅಲ್ಲೇ ಒತ್ತಿ ಅಂಟಿಸಿದಳು.

ಬೂಟು ಕಟ್ಟುತ್ತಿದ್ದ ಡ್ರೈವರು ಅವಳ ಮುಷ್ಟಿ ನೋಡಿದ, ಲೇಸು ಬಿಗಿದು ಎದ್ದ. ಅಂದು ಅವನ ಬಸ್ಸು ಕಾರ್ಖಾನೆಯ ಮುಂದೆ ನಿಲ್ದಾಣವಿಲ್ಲದ ಕಡೆ ನಿಂತಿತು. ಅವಳು ಇಳಿಯುವಾಗ, "ಏಳೂ ಐವತ್ತು, ಟೈಮಿದೆ," ಎಂದಷ್ಟೇ ಅಂದ.

ಮೇಲ್ವಿಚಾರಕಿ ಪಿನ್ನನ್ನು ಭೂತಗನ್ನಡಿಯಲ್ಲಿ ನೋಡಿ, ತಲೆಯ ಕೆಳಗೆ ಕೆತ್ತಿದ್ದ ಅಂಕೆಯನ್ನು ಪುಸ್ತಕದೊಂದಿಗೆ ತಾಳೆ ಹಾಕಿ, ಹನ್ನೆರಡನೆಯ ತೂತಿಗೆ ಚುಚ್ಚಿದಳು. ಆಮೇಲೆ ಬಾಗಿಲು ಮುಚ್ಚಿ ಬಂದು ಎದುರಿಗೆ ಕೂತಳು. ಪಿನ್ನು ಹೊರಗೆ ಒಯ್ದವರಿಗೆ ಕೈಗವಸಿನ ಕೆಲಸ ಇನ್ನು ಕೊಡುವಂತಿಲ್ಲ, ಅದು ನಿಮಗೂ ಗೊತ್ತು ಎಂದಳು. ಸೂಜಿಯಮ್ಮನಿಗೆ ಗೊತ್ತಿತ್ತು. ಆ ನಿಯಮವನ್ನು ಹೊಸಬರಿಗೆ ಓದಿ ಹೇಳುತ್ತಿದ್ದವಳೇ ಅವಳು. ಪ್ಯಾರಾಚೂಟು ಮಡಚುವ ವಿಭಾಗಕ್ಕೆ ವರ್ಗವಾಯಿತು. ಸಹಿ ಹಾಕಿ ಎದ್ದಳು.

"ನಲವತ್ತೊಂದು ನಂಬರಿಂದು ಯಾರ ಕೈ ಅಂತ ನಾನು ಕೇಳಲ್ಲ," ಎಂದಳು ಮೇಲ್ವಿಚಾರಕಿ. "ಹೊಲಿಗೆ ಮಾತ್ರ ಚೆನ್ನಾಗಿದೆ."

ಹೊರಡುವ ಹಿಂದಿನ ಭಾನುವಾರ ಮಗಳು ಬಂದಳು. ಆಮೇಲೆ ಅವರನ್ನು ರೋಗ ತಗುಲದ ಹಾಗೆ ಪ್ರತ್ಯೇಕ ಇಡುತ್ತಾರಂತೆ, ಯಾರೂ ಮುಟ್ಟುವಂತಿಲ್ಲ. ಬಂದವಳು ಫೋನನ್ನು ಚೀಲದಲ್ಲೇ ಬಿಟ್ಟಳು. ಊಟವಾದ ಮೇಲೆ ಅಡುಗೆಮನೆಯಲ್ಲಿ, ಅಮ್ಮ ಪಾತ್ರೆ ತೊಳೆಯುತ್ತಿದ್ದಲ್ಲಿಗೆ ಬಂದು ಪಕ್ಕದಲ್ಲಿ ನಿಂತು ಒರೆಸತೊಡಗಿದಳು.

"ನೀನೇ ಹೊಲೀತೀಯ ಅಂತ ಗೊತ್ತಿತ್ತು," ಎಂದಳು. "ಬೆರಳು ನೋಡಿದ್ರೆ ಗುರುತು ಹಿಡೀತೀಯ ಅಂತಾನೂ. ಬಾಯಿಬಿಟ್ಟು ಹೇಳೋ ಧೈರ್ಯ ಇರ್ಲಿಲ್ಲ, ಅದಕ್ಕೆ ಕೈ ಕಳಿಸ್ದೆ. ಆಮೇಲೆ ಫೋನಲ್ಲಿ ಏನೇನೋ ಅಂದೆ."

ಅಮ್ಮ ಲೋಟ ತೊಳೆದು ಅವಳ ಕೈಗಿಟ್ಟಳು. "ಬೇಕಂತ ಕಳೀಲಿಲ್ಲ ಕಣೇ. ಆದ್ರೆ ಸಿಕ್ಕಿದ ಮೇಲೆ ಒಂದು ದಿನ ಬೇಕಂತಲೇ ಇಟ್ಕೊಂಡಿದ್ದೆ."

ಮಗಳು ಲೋಟ ಒರೆಸುತ್ತಿದ್ದವಳು ನಿಲ್ಲಿಸಿದಳು. ಚೂಟಿ ಹಜಾರದಲ್ಲಿ ತಾತನಿಗೆ ಭಾನುವಾರ ಎಣಿಸುವುದನ್ನು ಕಲಿಸುತ್ತಿತ್ತು. ಅವನು ಬೇಕೆಂದೇ ತಪ್ಪುತ್ತಿದ್ದ.

"ಒಂದೇ ದಿನಾನಾ?" ಎಂದಳು ಮಗಳು. "ಚೂಟಿ ಹೋಗೋ ಹಾಗಿದ್ರೆ ನಾನು ಕೊಡ್ತಾನೇ ಇರ್ಲಿಲ್ಲ."

ಒದ್ದೆ ಬಟ್ಟೆ ಕೆಳಗಿಟ್ಟು ಅವಳು ಎಡಗೈ ಚಾಚಿದಳು. ಕಿರುಬೆರಳು ಹೊರಕ್ಕೆ ಬಾಗಿತ್ತು. "ಹಾಕಿ ನೋಡ್ದೆ. ಎಲ್ಲೂ ಒತ್ತಲಿಲ್ಲ."

ಅಮ್ಮ ಸೋಪಿನ ನೀರು ಸುರಿಯುತ್ತಿದ್ದ ಕೈಯಲ್ಲೇ ಅದನ್ನು ಹಿಡಿದುಕೊಂಡಳು. ಏಳು ವಾರ ಹಿಡಿದಿದ್ದ ಕೈಯೇ, ಆದರೆ ಇದು ಬೆಚ್ಚಗಿತ್ತು, ತಿರುಗಿ ಹಿಡಿಯುತ್ತಿತ್ತು. ನಲ್ಲಿಯಿಂದ ನೀರು ಸುಮ್ಮನೆ ಹರಿಯಿತು.

ಹಜಾರದಲ್ಲಿ ಎಣಿಕೆ ನಿಂತು, ತಾತ ಎದ್ದುಹೋದ ಸದ್ದಾಯಿತು; ಆಮೇಲೆ ಹೊರಗೆ ಬಸ್ಸಿನ ಹಾರ್ನು ಕೇಳಿಸಿತು. ಡ್ರೈವರು ಯಾರನ್ನೋ ಕಾಡಿಬೇಡಿ, ಕೇಂದ್ರದ ಕಡೆಗೆ ಹೋಗುವ ಸಂಜೆಯ ಬಸ್ಸಿನ ಪಾಳಿ ತಾನೇ ಹಾಕಿಸಿಕೊಂಡಿದ್ದ. ಸ್ಟೀರಿಂಗ್ ಹಿಂದೆ ಕೂತು ನೇರ ರಸ್ತೆಯನ್ನೇ ನೋಡುತ್ತಿದ್ದ. ಇಷ್ಟು ದಿನ ಮಾತು ಬಿಟ್ಟವನು ಈಗ ನಾಲ್ಕು ತಾಸು ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೋಗುವವನಿದ್ದ.

ಎರಡನೆಯ ಸಲ ಹಾರ್ನು ಕೇಳಿದಾಗಲೂ ಮಗಳು ಕೈ ಎಳೆದುಕೊಳ್ಳಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಹಿಡಿದಿದ್ದರೂ ಅವಳು ಹಾಗೇ ನಿಂತಿರುತ್ತಿದ್ದಳು. ಅಮ್ಮ ಬಾಗಿದ ಬೆರಳನ್ನು ಒಮ್ಮೆ ಹೆಬ್ಬೆರಳಿನಿಂದ ಸವರಿ, ಒರೆಸಿ, ತಾನೇ ಮೊದಲು ಕೈ ಬಿಟ್ಟಳು.